ಕೊನೆಯ ಮನೆಯ ಫೋನು ಯಾರ ಹೊಣೆ?

2012ರ ಅಕ್ಟೋಬರ್ 29ರ ರಾತ್ರಿ ಸ್ಯಾಂಡಿ ಚಂಡಮಾರುತ ಅಮೆರಿಕದ ಪೂರ್ವ ಕರಾವಳಿಗೆ ಅಪ್ಪಳಿಸಿತು. ನ್ಯೂಯಾರ್ಕ್ ರಾಜ್ಯದ ಲಾಂಗ್ ಐಲ್ಯಾಂಡಿನ ದಕ್ಷಿಣಕ್ಕೆ, ಕಡಲಿಗೆ ಹಾಕಿದ ಒಡ್ಡಿನಂತೆ ಉದ್ದಕ್ಕೆ ಚಾಚಿಕೊಂಡ ಮರಳು ದ್ವೀಪವೊಂದಿದೆ. ಹೆಸರು ಫೈರ್ ಐಲ್ಯಾಂಡ್. ಅಲ್ಲಿ ಉಪ್ಪುನೀರು ನುಗ್ಗಿ ಟೆಲಿಫೋನ್ ಕೇಬಲ್‌ಗಳು ಹಾಳಾದವು. ದ್ವೀಪಕ್ಕೆ ಫೋನ್ ಸೇವೆ ಕೊಡುತ್ತಿದ್ದ ವೆರೈಜನ್ ಕಂಪನಿ ಲೆಕ್ಕ ಹಾಕಿತು: ದ್ವೀಪದ ಪಶ್ಚಿಮ ಭಾಗದಲ್ಲಿ ತಾಮ್ರದ ತಂತಿಯನ್ನು ಮತ್ತೆ ಎಳೆಯುವುದು ದುಬಾರಿ, ಎಳೆದರೂ ಬಳಸುವವರು ಕಡಿಮೆ. ಹಾಗಾಗಿ ಮನೆಮನೆಗೆ ವಾಯ್ಸ್ ಲಿಂಕ್ ಎಂಬ ಪುಟ್ಟ ಪೆಟ್ಟಿಗೆಯೊಂದನ್ನು ಕೊಡಲು ಮುಂದಾಯಿತು. ಹಳೆಯ ಫೋನನ್ನೇ ಅದಕ್ಕೆ ಸಿಕ್ಕಿಸಿದರೆ ಡಯಲ್ ಟೋನ್ ಬರುತ್ತದೆ. ಮಾತು ಮಾತ್ರ ಮೊಬೈಲ್ ಜಾಲದ ಮೂಲಕ ಹೋಗುತ್ತದೆ.

ಡಯಲ್ ಟೋನ್ ಬಂತು, ಉಳಿದದ್ದು ಬರಲಿಲ್ಲ. ಫ್ಯಾಕ್ಸ್ ಹೋಗದು. ತಂತಿಯ ಮೇಲೆಯೇ ಬರುತ್ತಿದ್ದ ಡಿಎಸ್‌ಎಲ್ ಇಂಟರ್‌ನೆಟ್ ಇಲ್ಲ. ಅಂಗಡಿಯ ಕಾರ್ಡ್ ಯಂತ್ರ, ಮನೆಯ ಕಳ್ಳಗಂಟೆ, ವಯಸ್ಸಾದವರು ಕುತ್ತಿಗೆಗೆ ಹಾಕಿಕೊಂಡು ಬಿದ್ದಾಗ ಒತ್ತುವ ತುರ್ತು ಗುಂಡಿ, ಯಾವುದಕ್ಕೂ ಆ ಪೆಟ್ಟಿಗೆ ಒಗ್ಗಲಿಲ್ಲ. 2013ರ ಮೇ ತಿಂಗಳಲ್ಲಿ ರಾಜ್ಯದ ಸಾರ್ವಜನಿಕ ಸೇವಾ ಆಯೋಗ ಇದಕ್ಕೆ ತಾತ್ಕಾಲಿಕ ಒಪ್ಪಿಗೆ ಕೊಟ್ಟಿತು. ಕೊಟ್ಟದ್ದೇ ತಡ, ದೂರುಗಳು ಬಂದು ಬಿದ್ದವು. ಸೆಪ್ಟೆಂಬರ್ ಹೊತ್ತಿಗೆ ಕಂಪನಿ ಹಿಂದೆ ಸರಿದು, ದ್ವೀಪಕ್ಕೆ ಫೈಬರ್ ಎಳೆಯುವುದಾಗಿ ಹೇಳಿತು.

ಇದನ್ನು ಜನರ ಗೆಲುವಿನ ಕಥೆಯೆಂದು ಓದುವವರು ಉಂಟು. ನನಗೆ ಕಾಣುವುದು ಬೇರೆ. ಆ ಜನ ದೂರು ಕೊಡಲು ಒಂದು ಬಾಗಿಲಿತ್ತು. ಕಂಪನಿಯನ್ನು ಕರೆಸಿ ಕೇಳುವ ಅಧಿಕಾರ ಆ ಬಾಗಿಲಿನ ಹಿಂದೆ ಕೂತವರಿಗಿತ್ತು. ಅದೇ ವರ್ಷಗಳಲ್ಲಿ ಅಮೆರಿಕದ ಒಂದೊಂದೇ ರಾಜ್ಯದ ಶಾಸನಸಭೆ ತನ್ನ ದೂರಸಂಪರ್ಕ ಕಾನೂನನ್ನು ತಿದ್ದಿ ಇಂಥ ಬಾಗಿಲುಗಳನ್ನು ಮುಚ್ಚುತ್ತಿತ್ತು. ಮೂವತ್ತಕ್ಕೂ ಹೆಚ್ಚು ರಾಜ್ಯಗಳಲ್ಲಿ ಈ ಕೆಲಸ ಒಂದಲ್ಲ ಒಂದು ಮಟ್ಟಕ್ಕೆ ನಡೆದಿದೆ. ಮಸೂದೆಗಳ ಹೆಸರಿನಲ್ಲಿ ಸಾಮಾನ್ಯವಾಗಿ ಆಧುನೀಕರಣ, ಸುಧಾರಣೆ ಎಂಬಂಥ ಮಾತುಗಳಿರುತ್ತವೆ. ಒಳಗೆ ಏನಿರುತ್ತದೆ ಎಂದು ತಿಳಿಯಲು ಸ್ವಲ್ಪ ಹಿಂದಕ್ಕೆ ಹೋಗಬೇಕು.

ಒಂದು ತಂತಿ, ಇಬ್ಬರು ಯಜಮಾನರು

ದೂರಸಂಪರ್ಕವೆಂದರೆ ಕೇಂದ್ರದ ವಿಷಯ ಎಂದು ನಾವು ಅಂದುಕೊಂಡಿರುತ್ತೇವೆ. ಅಮೆರಿಕದಲ್ಲಿ ಹಾಗಿಲ್ಲ. ಅಲ್ಲಿ ರಾಜ್ಯದ ಗಡಿ ದಾಟುವ ಕರೆ ಒಕ್ಕೂಟ ಸರ್ಕಾರದ ಸಂವಹನ ಆಯೋಗಕ್ಕೆ, ಅಂದರೆ ಎಫ್‌ಸಿಸಿಗೆ ಸೇರುತ್ತದೆ; ಗಡಿಯೊಳಗೇ ಮುಗಿಯುವ ಕರೆ ಆಯಾ ರಾಜ್ಯದ ಆಯೋಗಕ್ಕೆ. ಇಲಿನಾಯ್ ರಾಜ್ಯದ ರಾಜಧಾನಿ ಸ್ಪ್ರಿಂಗ್‌ಫೀಲ್ಡ್‌ನಿಂದ ದೂರದ ಶಿಕಾಗೊಗೆ ಫೋನ್ ಮಾಡಿದರೆ ಅದು ರಾಜ್ಯದ ಕರೆ. ಅದಕ್ಕಿಂತ ಎಷ್ಟೋ ಹತ್ತಿರವಿರುವ ಸೇಂಟ್ ಲೂಯಿಸ್‌ಗೆ ಮಾಡಿದರೆ ಒಕ್ಕೂಟದ ಕರೆ, ಏಕೆಂದರೆ ನಡುವೆ ಮಿಸಿಸಿಪ್ಪಿ ನದಿ ಹರಿಯುತ್ತದೆ, ಆಚೆ ದಡ ಮಿಸ್ಸೂರಿ ರಾಜ್ಯ. ಫೋನು ಅದೇ, ಮನೆಯಿಂದ ಹೊರಡುವ ತಂತಿಯೂ ಅದೇ. ಆ ತಂತಿಯ ಖರ್ಚಿನಲ್ಲಿ ಎಷ್ಟು ಪಾಲು ಯಾರ ಲೆಕ್ಕಕ್ಕೆ ಎಂಬ ಜಗಳ 1930ರಲ್ಲೇ ಸುಪ್ರೀಂ ಕೋರ್ಟಿಗೆ ಹೋಗಿತ್ತು. 1934ರ ಸಂವಹನ ಕಾಯ್ದೆ ಎಫ್‌ಸಿಸಿಯನ್ನು ಹುಟ್ಟುಹಾಕುವಾಗಲೇ ರಾಜ್ಯದೊಳಗಿನ ಸೇವೆಯನ್ನು ರಾಜ್ಯಗಳಿಗೆ ಬಿಟ್ಟುಕೊಟ್ಟಿತು.

ರಾಜ್ಯಗಳು ಈ ಕ್ಷೇತ್ರಕ್ಕೆ ಮೊದಲೇ ಇಳಿದಿದ್ದವು. ವಿಸ್ಕಾನ್ಸಿನ್ ಮತ್ತು ನ್ಯೂಯಾರ್ಕ್ 1907ರಲ್ಲಿ ರೈಲು, ವಿದ್ಯುತ್ತಿನಂಥ ಸೇವೆಗಳ ಮೇಲೆ ಕಣ್ಣಿಡುವ ಹೊಸ ಬಗೆಯ ಆಯೋಗಗಳನ್ನು ಕಟ್ಟಿದವು. ಮುಂದೆ ಉಳಿದ ರಾಜ್ಯಗಳೂ ಅದೇ ದಾರಿ ಹಿಡಿದವು. ಆಗ ಟೆಲಿಫೋನ್ ಲೋಕವನ್ನು ಆಳುತ್ತಿದ್ದದ್ದು ಎಟಿ ಆ್ಯಂಡ್ ಟಿ. ಅದರ ಮುಖ್ಯಸ್ಥ ಥಿಯೋಡೋರ್ ವೇಲ್ 1908ರ ಜಾಹೀರಾತುಗಳಲ್ಲಿ ಹೇಳಿದ್ದು ಒಂದೇ ನೀತಿ, ಒಂದೇ ವ್ಯವಸ್ಥೆ, ಎಲ್ಲರಿಗೂ ಸೇವೆ ಎಂದು. ಘೋಷಣೆಯ ಒಳಗೆ ಒಂದು ವ್ಯಾಪಾರವಿತ್ತು. ನಮಗೆ ಪೈಪೋಟಿಯ ಕಾಟ ಬೇಡ. ಅದಕ್ಕೆ ಪ್ರತಿಯಾಗಿ ನಮ್ಮ ದರವನ್ನು ನೀವು ನಿಗದಿ ಮಾಡಿ, ಕೇಳಿದವರಿಗೆಲ್ಲ ಸಂಪರ್ಕ ಕೊಡುವ ಹೊಣೆ ನಮ್ಮದು.

ಕೊಡುಕೊಳ್ಳುವ ಈ ಒಪ್ಪಂದದಿಂದಲೇ ಮುಂದೆ ಕ್ಯಾರಿಯರ್ ಆಫ್ ಲಾಸ್ಟ್ ರೆಸಾರ್ಟ್ ಎಂಬ ಕಾನೂನಿನ ಮಾತು ಬೆಳೆದು ಬಂತು. ಕನ್ನಡದಲ್ಲಿ ಕೊನೆಯ ಆಸರೆಯ ಸೇವಾದಾರ ಎನ್ನಬಹುದು. ಒಂದು ಪ್ರದೇಶದಲ್ಲಿ ಯಾರೂ ಕೊಡದಿದ್ದರೂ ಈ ಕಂಪನಿ ಕೊಡಲೇಬೇಕು. ಮನೆ ಬೆಟ್ಟದ ತುದಿಯಲ್ಲಿರಲಿ, ಕಣಿವೆಯ ತಳದಲ್ಲಿರಲಿ, ಗಿರಾಕಿ ಲಾಭ ತರಲಿ ಬಿಡಲಿ, ಅರ್ಜಿ ಬಂದರೆ ಒಪ್ಪಿತ ದರಕ್ಕೆ ಸಂಪರ್ಕ ಕೊಡಬೇಕು. ನಷ್ಟವನ್ನು ಎಲ್ಲಿಂದ ತುಂಬುವುದು? ನಗರಗಳ ಗಿರಾಕಿಗಳಿಂದ, ವ್ಯಾಪಾರಸ್ಥರ ಬಿಲ್ಲಿನಿಂದ, ದೂರದ ಕರೆಗಳ ಹೆಚ್ಚಿನ ದರದಿಂದ. ಈ ವ್ಯವಸ್ಥೆ ಒಂದು ತರಹದ ಗುಟ್ಟಿನ ತೆರಿಗೆ ಎಂದು ಬೈದವರಿದ್ದಾರೆ. ಬೈಗುಳದಲ್ಲಿ ಸತ್ಯವಿಲ್ಲದಿಲ್ಲ. ಆದರೆ ಹೊಲಗಳ ನಡುವಿನ ಒಂಟಿ ಮನೆಗೂ ತಂತಿ ಮುಟ್ಟಿದ್ದು ಆ ಹಣದಿಂದಲೇ.

ಒಪ್ಪಂದದ ಅರ್ಧ ಮುರಿದಾಗ

1984ರ ಜನವರಿ 1ರಂದು ಎಟಿ ಆ್ಯಂಡ್ ಟಿ ಹೋಳಾಯಿತು. ಸ್ಥಳೀಯ ಸೇವೆ ಏಳು ಪ್ರಾದೇಶಿಕ ಕಂಪನಿಗಳ ಪಾಲಾಯಿತು; ಮುಂದೆ ಅವುಗಳಲ್ಲೊಂದು ಎಟಿ ಆ್ಯಂಡ್ ಟಿಯನ್ನೇ ಕೊಂಡು ಆ ಹೆಸರನ್ನು ಇಟ್ಟುಕೊಂಡಿತು. 1996ರ ದೂರಸಂಪರ್ಕ ಕಾಯ್ದೆ ಸ್ಥಳೀಯ ಸೇವೆಯಲ್ಲೂ ಪೈಪೋಟಿಗೆ ದಾರಿ ಮಾಡಿತು. ಹೊಸಬರನ್ನು ತಡೆಯುವ ರಾಜ್ಯ ಕಾನೂನುಗಳಿಗೆ ಕತ್ತರಿ ಬಿತ್ತು. ಏಕಸ್ವಾಮ್ಯ ಹೋಯಿತು, ಅದಕ್ಕೆ ಪ್ರತಿಯಾಗಿ ಹೊತ್ತಿದ್ದ ಹೊಣೆ ಮಾತ್ರ ಹಳೆಯ ಕಂಪನಿಗಳ ಹೆಗಲ ಮೇಲೆಯೇ ಉಳಿಯಿತು. ಮುಂದಿನ ಎಲ್ಲ ಮಸೂದೆಗಳ ಬೇರು ಇಲ್ಲಿದೆ.

ಕಂಪನಿಗಳ ವಾದವನ್ನು ನ್ಯಾಯವಾಗಿ ಕೇಳೋಣ. 2000ದ ಸುಮಾರಿಗೆ ಅಮೆರಿಕದಲ್ಲಿ 19 ಕೋಟಿಯಷ್ಟು ಸ್ಥಿರ ದೂರವಾಣಿ ಸಂಪರ್ಕಗಳಿದ್ದವು. ಅಲ್ಲಿಂದ ಇಳಿಜಾರು. ಈಗ ವಯಸ್ಕರಲ್ಲಿ ಶೇ 70ಕ್ಕೂ ಹೆಚ್ಚು ಮಂದಿಯ ಮನೆಯಲ್ಲಿ ಲ್ಯಾಂಡ್‌ಲೈನ್ ಇಲ್ಲ, ಮೊಬೈಲೇ ಎಲ್ಲ. ಆದರೆ ಬೀದಿಯ ಕಂಬ, ನೆಲದಡಿಯ ಕೇಬಲ್, ಎಕ್ಸ್‌ಚೇಂಜ್ ಕಟ್ಟಡ, ಅದರೊಳಗಿನ ಬ್ಯಾಟರಿ ಇವೆಲ್ಲದರ ಖರ್ಚು ಹತ್ತು ಸಾವಿರ ಗಿರಾಕಿಗಳಿದ್ದರೂ ನೂರೇ ಉಳಿದರೂ ಹೆಚ್ಚು ಕಡಿಮೆ ಅಷ್ಟೇ. ಹಳೆಯ ಸ್ವಿಚ್‌ಗಳಿಗೆ ಬಿಡಿಭಾಗ ಸಿಗುವುದಿಲ್ಲ, ಅವನ್ನು ಬಲ್ಲ ತಂತ್ರಜ್ಞರು ನಿವೃತ್ತರಾಗುತ್ತಿದ್ದಾರೆ, ತಾಮ್ರವನ್ನು ಕಳ್ಳರು ಕತ್ತರಿಸಿಕೊಂಡು ಹೋಗುತ್ತಾರೆ. ಪಕ್ಕದ ಕೇಬಲ್ ಟಿವಿ ಕಂಪನಿಯೂ ಫೋನ್ ಸೇವೆ ಮಾರುತ್ತದೆ, ಅದಕ್ಕೆ ಈ ಹೊರೆಯಿಲ್ಲ. ಮೊಬೈಲ್ ಕಂಪನಿಗೂ ಇಲ್ಲ. ಫೈಬರ್‌ಗೆ ಹಾಕಬೇಕಾದ ಹಣವನ್ನು ತುಕ್ಕಿಗೆ ಏಕೆ ಸುರಿಯಬೇಕು?

ಇದಕ್ಕೆ ಸುಲಭದ ಉತ್ತರವಿಲ್ಲ. ಪ್ರಶ್ನೆಯಲ್ಲೇ ಒಂದು ಜಾಣತನ ಅಡಗಿದೆ, ಅದಕ್ಕೆ ಆಮೇಲೆ ಬರುತ್ತೇನೆ.

ಕಾಯ್ದೆ ಬದಲಾಗುವುದು ಎಲ್ಲಿ?

ಇಂಥ ಮಸೂದೆಯನ್ನು ಕೈಗೆತ್ತಿಕೊಂಡವರು ಸಾಮಾನ್ಯವಾಗಿ ದರ, ದಂಡ, ದೂರಿನ ಭಾಗಗಳಿಗೆ ಹಾರುತ್ತಾರೆ. ಹೊಡೆತ ಬಿದ್ದಿರುವುದು ಮೊದಲ ಪುಟಗಳಲ್ಲಿ, ಪದಗಳ ವ್ಯಾಖ್ಯೆ ಕೊಡುವ ಸಪ್ಪೆ ಭಾಗದಲ್ಲಿ. ಕಾನೂನು ಆಳುವುದು ದೂರಸಂಪರ್ಕ ಸೇವೆಯನ್ನು ಎಂದಿದ್ದರೆ, ಯಾವುದು ದೂರಸಂಪರ್ಕ ಸೇವೆ ಎಂಬ ಒಂದು ವಾಕ್ಯವನ್ನು ತಿದ್ದಿದರೆ ಸಾಕು; ಉಳಿದ ನೂರು ಪುಟಗಳು ಇದ್ದೂ ಇಲ್ಲದಂತಾಗುತ್ತವೆ.

ಕ್ಯಾಲಿಫೋರ್ನಿಯಾ 2012ರಲ್ಲಿ ಮಾಡಿದ ಕಾನೂನು ಇದಕ್ಕೆ ಒಳ್ಳೆಯ ಉದಾಹರಣೆ. ಇಂಟರ್‌ನೆಟ್ ವಿಧಾನದಲ್ಲಿ ಸಾಗುವ ಧ್ವನಿ ಸೇವೆಯನ್ನು ರಾಜ್ಯದ ಆಯೋಗ ನಿಯಂತ್ರಿಸುವಂತಿಲ್ಲ ಎಂದು ಅದು 2020ರ ಆರಂಭದವರೆಗೆ ಬಾಗಿಲು ಹಾಕಿತು. ಕೇಳಲು ಸರಿಯೇ: ಇಂಟರ್‌ನೆಟ್ ಹೊಸದು, ಅದಕ್ಕೇಕೆ ಹಳೆಯ ಲಗಾಮು? ಬಳಸುವವರ ಕಡೆಯಿಂದ ನೋಡಿ. ಅಡುಗೆಮನೆಯ ಗೋಡೆಗೆ ಅದೇ ಫೋನು, ಅದೇ ಸಂಖ್ಯೆ. ಕಂಪನಿ ತಾಮ್ರವನ್ನು ಕಳಚಿ ಧ್ವನಿಯನ್ನು ಡಿಜಿಟಲ್ ತುಣುಕುಗಳಾಗಿ ಕಳಿಸತೊಡಗಿತು. ಮಾತು ನಿಂತಿಲ್ಲ, ಆದರೆ ಆ ಗಿರಾಕಿಯ ಮೇಲಿದ್ದ ಕಾನೂನಿನ ಕೊಡೆ ಸದ್ದಿಲ್ಲದೆ ಮಡಚಿಕೊಂಡಿತು. ಆ ನಿರ್ಬಂಧವನ್ನು ಮುಂದುವರಿಸಲು 2019ರಲ್ಲಿ ತಂದ ಮಸೂದೆ ಅಂಗೀಕಾರವಾಗಲಿಲ್ಲ.

ಇನ್ನೊಂದು ವಿಧಾನ ಕ್ರಿಯಾಪದವನ್ನು ಬದಲಿಸುವುದು. ಒದಗಿಸತಕ್ಕದ್ದು ಎಂದಿದ್ದುದು ಒದಗಿಸಬಹುದು ಎಂದಾಗುತ್ತದೆ. ತಿದ್ದಿದ್ದು ಒಂದು ಪದದ ಬಾಲ, ಹೋದದ್ದು ಒಂದು ಹಕ್ಕು. ಫ್ಲಾರಿಡಾದಲ್ಲಿ ಬದಲಿಸುವ ಕಷ್ಟವೂ ಬರಲಿಲ್ಲ; ಕೊನೆಯ ಆಸರೆಯ ಹೊಣೆಗೆ ಕಾನೂನಿನಲ್ಲೇ ಗಡುವು ಬರೆದಿತ್ತು, 2009ರಲ್ಲಿ ಅದು ತಾನಾಗಿ ತೀರಿತು. 2011ರಲ್ಲಿ ಅಲ್ಲಿನ ಶಾಸನಸಭೆ ಉಳಿದ ನಿಯಂತ್ರಣದ ಬಹುಪಾಲನ್ನೂ ತೆಗೆಯಿತು. ವಿಸ್ಕಾನ್ಸಿನ್ ಕೂಡ ಅದೇ ವರ್ಷ ತನ್ನ ಹಳೆಯ ಕಾನೂನನ್ನು ಕಳಚಿತು. 1907ರಲ್ಲಿ ಆಯೋಗದ ಕಲ್ಪನೆಗೆ ದಾರಿ ತೋರಿಸಿದ ರಾಜ್ಯವೇ ಅದು.

ಕೆಂಟಕಿಯಲ್ಲಿ ಇಂಥ ಮಸೂದೆ ವರ್ಷ ವರ್ಷವೂ ಬಂದು ಬಿದ್ದುಹೋಗುತ್ತಿತ್ತು. 2015ರಲ್ಲಿ ಪಾಸಾದದ್ದು ರಾಜಿಯ ರೂಪದಲ್ಲಿ. ಹದಿನೈದು ಸಾವಿರಕ್ಕೂ ಹೆಚ್ಚು ಮನೆಗಳಿರುವ ಎಕ್ಸ್‌ಚೇಂಜ್ ವ್ಯಾಪ್ತಿಗಳಲ್ಲಿ ಕಂಪನಿಗೆ ಬಿಡುಗಡೆ. ಹಳ್ಳಿಗಳಲ್ಲಿ ಈಗಾಗಲೇ ಲ್ಯಾಂಡ್‌ಲೈನ್ ಇದ್ದವರು ಬೇಕೆಂದರೆ ಉಳಿಸಿಕೊಳ್ಳಬಹುದು. ಹೊಸದಾಗಿ ಮನೆ ಕಟ್ಟಿದವರ ಪಾಡು ಬೇರೆ. ಒಂದೇ ಓಣಿಯಲ್ಲಿ ಹಳೆಯ ಮನೆಗೆ ಹಕ್ಕು, ಹೊಸ ಮನೆಗೆ ಇಲ್ಲ. ರಾಜಿಗಳು ಹೀಗೇ ಇರುತ್ತವೆ.

ಇಲಿನಾಯ್‌ನ 2017ರ ಕಥೆಯನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು, ಶಾಸನಸಭೆಗಳಲ್ಲಿ ಕೆಲಸ ಹೇಗೆ ನಡೆಯುತ್ತದೆ ಎಂಬುದು ಅದರಲ್ಲಿ ಕಾಣುತ್ತದೆ. 911 ಎಂಬುದು ಅಲ್ಲಿ ಪೊಲೀಸ್, ಬೆಂಕಿ, ಆಂಬುಲೆನ್ಸ್ ಎಲ್ಲಕ್ಕೂ ಇರುವ ತುರ್ತು ಸಂಖ್ಯೆ. ಅದನ್ನು ನಡೆಸಲು ಪ್ರತಿ ಫೋನ್ ಬಿಲ್ಲಿನ ಮೇಲೂ ಶುಲ್ಕವಿದೆ. ಆ ಕಾನೂನಿನ ಅವಧಿ ಮುಗಿಯುತ್ತಾ ಬಂದಿತ್ತು, ನವೀಕರಿಸದಿದ್ದರೆ ತುರ್ತು ಸೇವೆಗೇ ಹಣವಿಲ್ಲ. ನವೀಕರಣದ ಮಸೂದೆ ಬಂತು: ಶಿಕಾಗೊದಲ್ಲಿ ಶುಲ್ಕ ತಿಂಗಳಿಗೆ 3.90 ಡಾಲರ್‌ನಿಂದ 5 ಡಾಲರ್‌ಗೆ, ಉಳಿದೆಡೆ 87 ಸೆಂಟ್‌ನಿಂದ ಒಂದೂವರೆ ಡಾಲರ್‌ಗೆ. ಅದೇ ಮಸೂದೆಯಲ್ಲಿ ಎಟಿ ಆ್ಯಂಡ್ ಟಿ ತನ್ನ ಹಳೆಯ ಲ್ಯಾಂಡ್‌ಲೈನ್ ಸೇವೆಯಿಂದ ಹೊರಬರುವ ದಾರಿಯೂ ಇತ್ತು. ರಾಜ್ಯಪಾಲ ಬ್ರೂಸ್ ರೌನರ್ ವೀಟೊ ಹಾಕಿದರು, ಕಾರಣ ಕೊಟ್ಟದ್ದು ಶುಲ್ಕದ ಏರಿಕೆ. ಜುಲೈ 1ರಂದು ಶಾಸನಸಭೆ ವೀಟೊವನ್ನು ಮೀರಿ ಮಸೂದೆಯನ್ನು ಕಾನೂನು ಮಾಡಿತು. 911ಕ್ಕೆ ಬೇಡ ಎನ್ನುವ ಶಾಸಕ ಯಾರು? ಗಾಡಿ ಹೊರಟಾಗ ಹಿಂದಿನ ಸೀಟಿನಲ್ಲಿ ಕೂತವರೂ ಊರು ಸೇರಿದರು.

ಒಂದು ಮಾತು ಸೇರಿಸಬೇಕು. ರಾಜ್ಯ ಬಿಟ್ಟರೂ ಕಂಪನಿ ಮರುದಿನವೇ ತಂತಿ ಕತ್ತರಿಸುವಂತಿಲ್ಲ. ಸೇವೆ ನಿಲ್ಲಿಸಲು ಎಫ್‌ಸಿಸಿಯ ಒಪ್ಪಿಗೆ ಬೇಕು, 1934ರ ಕಾಯ್ದೆಯ 214ನೇ ಸೆಕ್ಷನ್ ಹಾಗೆ ಹೇಳುತ್ತದೆ. ಆದರೆ ಒಕ್ಕೂಟದ ಆಯೋಗ ಇರುವುದು ವಾಷಿಂಗ್ಟನ್‌ನಲ್ಲಿ. ಯಾವ ಕಣಿವೆಯಲ್ಲಿ ಮೊಬೈಲ್ ಸಿಗ್ನಲ್ ಸಾಯುತ್ತದೆ ಎಂದು ಬಲ್ಲವರು ರಾಜ್ಯದ ಆಯೋಗದ ಮುಂದೆ ಬಂದು ನಿಲ್ಲುವಷ್ಟು ಸುಲಭವಾಗಿ ಅಲ್ಲಿಗೆ ಹೋಗಲಾರರು.

ತಂತಿಯೊಳಗಿನ ಕರೆಂಟು

ಹಳೆಯ ಫೋನನ್ನು ಹಿಡಿದುಕೊಂಡವರನ್ನು ಹಳೇಕಾಲದವರು ಎಂದು ನಗುವುದು ಸುಲಭ. ನಗುವ ಮೊದಲು ಒಂದು ವಿಷಯ ತಿಳಿದಿರಬೇಕು. ತಾಮ್ರದ ತಂತಿ ಮಾತನ್ನಷ್ಟೇ ಅಲ್ಲ, ವಿದ್ಯುತ್ತನ್ನೂ ಹೊತ್ತು ತರುತ್ತದೆ. ಎಕ್ಸ್‌ಚೇಂಜಿನಲ್ಲಿ ಸಾಲು ಸಾಲು ಬ್ಯಾಟರಿಗಳಿರುತ್ತವೆ, ಸುಮಾರು 48 ವೋಲ್ಟ್ ತಂತಿಯಲ್ಲಿ ಸದಾ ಇರುತ್ತದೆ, ಬೆನ್ನಿಗೆ ಜನರೇಟರ್. ಇಡೀ ಊರಿನ ದೀಪ ಆರಿದ್ದರೂ ರಿಸೀವರ್ ಎತ್ತಿದರೆ ಸದ್ದು ಕೇಳುವುದು ಅದರಿಂದ. ಫೈಬರ್ ಗಾಜಿನ ಎಳೆ. ಬೆಳಕು ಹೋಗುತ್ತದೆ, ಕರೆಂಟು ಹೋಗದು. ಮನೆಯಲ್ಲಿರುವ ಪೆಟ್ಟಿಗೆಗೆ ಮನೆಯ ಕರೆಂಟೇ ಬೇಕು. 2015ರಲ್ಲಿ ಎಫ್‌ಸಿಸಿ ಒಂದು ನಿಯಮ ಮಾಡಿ, ಕಂಪನಿಗಳು 8 ಗಂಟೆ, ಮುಂದೆ 24 ಗಂಟೆ ಬಾಳುವ ಬ್ಯಾಟರಿಯ ಆಯ್ಕೆಯನ್ನು ಗಿರಾಕಿಗಳ ಮುಂದಿಡಬೇಕು ಎಂದಿತು. ಮುಂದಿಡಬೇಕಿತ್ತು, ಅಷ್ಟೆ. ದುಡ್ಡು ಗಿರಾಕಿಯದೇ; 2025ರಲ್ಲಿ ಆ ನಿಯಮದ ಅವಧಿಯೂ ಮುಗಿಯಿತು.

2019ರ ಅಕ್ಟೋಬರ್ ಕೊನೆಯಲ್ಲಿ ಕಾಳ್ಗಿಚ್ಚಿನ ಭಯಕ್ಕೆ ಉತ್ತರ ಕ್ಯಾಲಿಫೋರ್ನಿಯಾದಲ್ಲಿ ವಿದ್ಯುತ್ ಕಂಪನಿಯೇ ಸರಬರಾಜು ನಿಲ್ಲಿಸಿತು. ಸ್ಯಾನ್ ಫ್ರಾನ್ಸಿಸ್ಕೊದ ಸೇತುವೆ ದಾಟಿದರೆ ಸಿಗುವ ಮರಿನ್ ಕೌಂಟಿ ಬಡವರ ಊರೇನಲ್ಲ. ಅಲ್ಲಿ ಒಂದು ಹಂತದಲ್ಲಿ ಶೇ 57ರಷ್ಟು ಮೊಬೈಲ್ ಟವರ್‌ಗಳು ಸತ್ತು ಕೂತಿದ್ದವು. ಬೆಂಕಿ ಬರುತ್ತಿದೆ, ಮನೆ ಬಿಡಿ ಎಂಬ ಎಚ್ಚರಿಕೆ ಬರಬೇಕಾದದ್ದು ಅದೇ ಮೊಬೈಲಿಗೆ. ಮರುವರ್ಷ ರಾಜ್ಯದ ಆಯೋಗ, ಕಾಳ್ಗಿಚ್ಚಿನ ಅಪಾಯ ಹೆಚ್ಚಿರುವ ಕಡೆಗಳಲ್ಲಿ ಟವರ್‌ಗಳಿಗೆ 72 ಗಂಟೆಗಳ ಬದಲಿ ವಿದ್ಯುತ್ ಇರಬೇಕು ಎಂದು ಆದೇಶ ಹೊರಡಿಸಿತು. ಹೊಸ ತಂತ್ರಜ್ಞಾನಕ್ಕೂ ಹಳೆಯ ತರಹದ ಹೊಣೆ ಹೊರಿಸಬಹುದು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಸಾಕ್ಷಿ ಬೇಕಿಲ್ಲ.

ಆಗ ಹೇಳಿದ ಜಾಣತನ ಇದೇ. ತಾಮ್ರವೋ ಫೈಬರೋ ಎಂದು ಕೇಳಿದರೆ ಯಾರಾದರೂ ಫೈಬರ್ ಎನ್ನುತ್ತಾರೆ. ಆದರೆ ಮಸೂದೆ ಹೊಣೆಯನ್ನು ತಾಮ್ರಕ್ಕೆ ಗಂಟು ಹಾಕಿ, ಎರಡನ್ನೂ ಒಟ್ಟಿಗೆ ಹೊರಗೆ ಎಸೆಯುತ್ತದೆ. ತಂತಿ ಬದಲಾದರೂ ಹೊಣೆ ಉಳಿಯಬಲ್ಲದು. ಅದನ್ನು ಉಳಿಸುವ ವಾಕ್ಯ ಕಾನೂನಿನಲ್ಲಿ ಇರಬೇಕು, ಅಷ್ಟೇ.

ಕ್ಯಾಲಿಫೋರ್ನಿಯಾದ ಆಯೋಗ ಹೇಳಿದ್ದು

2023ರ ಮಾರ್ಚ್‌ನಲ್ಲಿ ಎಟಿ ಆ್ಯಂಡ್ ಟಿ ಕ್ಯಾಲಿಫೋರ್ನಿಯಾದ ಆಯೋಗಕ್ಕೆ ಅರ್ಜಿ ಹಾಕಿ, ರಾಜ್ಯದ ಬಹುಭಾಗದಲ್ಲಿ ಕೊನೆಯ ಆಸರೆಯ ಹೊಣೆಯಿಂದ ತನ್ನನ್ನು ಬಿಡಿಸಬೇಕೆಂದು ಕೇಳಿತು. ಆಯೋಗ ಮರುವರ್ಷದ ಆರಂಭದಲ್ಲಿ ಕ್ಲೋವಿಸ್, ಯುಕಾಯ, ಇಂಡಿಯೊ ಊರುಗಳಲ್ಲಿ ಬಹಿರಂಗ ಅಹವಾಲು ಸಭೆ ನಡೆಸಿತು. ಸಾವಿರಾರು ಮಂದಿ ಬರೆದರು. ಮೊಬೈಲ್ ಸಿಗ್ನಲ್ ಮುಟ್ಟದ ಗುಡ್ಡಗಾಡಿನವರು, ಬೆಂಕಿಯ ಕಾಲವನ್ನು ಕಂಡವರು, ವಯಸ್ಸಾದವರು.

2024ರ ಜೂನ್ 20ರಂದು ಆಯೋಗ ಅರ್ಜಿಯನ್ನು ತಳ್ಳಿಹಾಕಿತು. ಆದೇಶದ ತರ್ಕ ಭಾವುಕವಾದದ್ದಲ್ಲ. ನೀವು ಹೊಣೆ ಇಳಿಸಬೇಕಾದರೆ ಅದನ್ನು ಎತ್ತಿಕೊಳ್ಳಲು ಇನ್ನೊಬ್ಬರು ಒಪ್ಪಬೇಕು. ಯಾರೂ ಮುಂದೆ ಬಂದಿಲ್ಲ. ಬೇರೆ ಕಂಪನಿಗಳ ಸೇವೆ ಅಲ್ಲಿ ಸಿಗುತ್ತದೆ ಎನ್ನುವುದು ಬೇರೆ, ಕೊಡಲೇಬೇಕಾದ ಕಂಪನಿ ಅಲ್ಲಿದೆ ಎನ್ನುವುದು ಬೇರೆ. ಅದರ ಜೊತೆಗೇ ಆಯೋಗ ಇನ್ನೊಂದನ್ನೂ ಹೇಳಿತು: ನಮ್ಮ ನಿಯಮ ತಾಮ್ರವನ್ನೇ ಬಳಸಿ ಎನ್ನುವುದಿಲ್ಲ, ಫೈಬರ್ ಹಾಕಲು ನಿಮ್ಮನ್ನು ತಡೆದವರಿಲ್ಲ. ಹಾಗೆಂದು ಹಳೆಯ ನಿಯಮವೇ ಶಾಶ್ವತ ಎಂದೂ ಅದು ಅನ್ನಲಿಲ್ಲ. ಕೊನೆಯ ಆಸರೆಯ ನಿಯಮಗಳನ್ನು ಈ ಕಾಲಕ್ಕೆ ತಕ್ಕಂತೆ ಮರುಪರಿಶೀಲಿಸಲು ಬೇರೆಯೇ ಪ್ರಕ್ರಿಯೆ ಶುರುಮಾಡಿತು.

ಆಯೋಗದಲ್ಲಿ ಸೋತರೆ ಶಾಸನಸಭೆ ಇದೆ. ಅದೇ ವರ್ಷ ಈ ಹೊಣೆಯನ್ನು ಸಡಿಲಿಸುವ ಮಸೂದೆಯೊಂದು ಬಂದು ಕಾನೂನಾಗದೆ ಹೋಯಿತು. 2025ರಲ್ಲಿ ಮತ್ತೊಂದು ಬಂತು. ಆಯೋಗ ದಾಖಲೆ ಕೇಳುತ್ತದೆ, ಸಾಕ್ಷಿ ಕೇಳುತ್ತದೆ, ಕಾರಣ ಬರೆಯುತ್ತದೆ. ಶಾಸನಸಭೆಗೆ ಬೇಕಾದದ್ದು ಬಹುಮತ. ನಾನು ಕಂಪನಿಯ ವಕೀಲನಾಗಿದ್ದರೂ ಎರಡನೆಯ ಬಾಗಿಲನ್ನೇ ತಟ್ಟುತ್ತಿದ್ದೆ.

ಮೇಲಿನವರು ಕೈಬಿಟ್ಟರೆ

ನಿಯಂತ್ರಣ ಕಳಚುವ ಈ ಹಾದಿಯಲ್ಲಿ ಕಂಪನಿಗಳೇ ಎಡವಿದ ಒಂದು ಕಲ್ಲೂ ಇದೆ. ಬ್ರಾಡ್‌ಬ್ಯಾಂಡ್ ಸಾರ್ವಜನಿಕ ಸೇವೆಯಲ್ಲ, ಹಾಗಾಗಿ ಅದರ ಮೇಲೆ ಒಕ್ಕೂಟದ ಆಯೋಗಕ್ಕೆ ದರ ಕಟ್ಟುವ ಅಧಿಕಾರವಿಲ್ಲ ಎಂದು ಕಂಪನಿಗಳು ವರ್ಷಗಟ್ಟಲೆ ವಾದಿಸಿದವು. ಒಂದು ಹಂತದಲ್ಲಿ ಎಫ್‌ಸಿಸಿಯೂ ಅದನ್ನು ಒಪ್ಪಿತು. ಆಗ ನ್ಯೂಯಾರ್ಕ್ ರಾಜ್ಯ 2021ರಲ್ಲಿ ಕಾನೂನು ಮಾಡಿತು: ಕಡಿಮೆ ಆದಾಯದ ಮನೆಗಳಿಗೆ ಸೆಕೆಂಡಿಗೆ 25 ಮೆಗಾಬಿಟ್ ವೇಗದ ಇಂಟರ್‌ನೆಟ್ಟನ್ನು ತಿಂಗಳಿಗೆ 15 ಡಾಲರ್‌ಗೆ, ಅಥವಾ 200 ಮೆಗಾಬಿಟ್‌ನದನ್ನು 20 ಡಾಲರ್‌ಗೆ ಕೊಡಬೇಕು. ಕಂಪನಿಗಳು ಕೋರ್ಟಿಗೆ ಹೋಗಿ, ಇದು ಒಕ್ಕೂಟದ ಕ್ಷೇತ್ರ, ರಾಜ್ಯ ಕೈಹಾಕುವಂತಿಲ್ಲ ಎಂದವು. 2024ರ ಏಪ್ರಿಲ್‌ನಲ್ಲಿ ಮೇಲ್ಮನವಿ ನ್ಯಾಯಾಲಯ ಕೊಟ್ಟ ತೀರ್ಪಿನ ಸಾರ ಇಷ್ಟು: ತನಗೇ ಇಲ್ಲದ ಅಧಿಕಾರದ ಹೆಸರಿನಲ್ಲಿ ಎಫ್‌ಸಿಸಿ ರಾಜ್ಯವನ್ನು ತಡೆಯಲಾರದು. ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಪ್ರಕರಣವನ್ನು ಕೈಗೆತ್ತಿಕೊಳ್ಳಲಿಲ್ಲ. 2025ರ ಜನವರಿ 15ರಿಂದ ಕಾನೂನು ಜಾರಿಗೆ ಬಂತು; ಎಟಿ ಆ್ಯಂಡ್ ಟಿ ತನ್ನ ನಿಸ್ತಂತು ಮನೆ ಇಂಟರ್‌ನೆಟ್ ಸೇವೆಯನ್ನು ಆ ರಾಜ್ಯದಲ್ಲಿ ಮಾರುವುದನ್ನೇ ನಿಲ್ಲಿಸಿತು. ದರ ಕಟ್ಟಿದರೆ ಸೇವಾದಾರ ಎದ್ದು ಹೋಗಬಹುದು ಎಂಬ ಎಚ್ಚರಿಕೆಯೂ ಇದರಲ್ಲಿದೆ, ಅದನ್ನು ಮುಚ್ಚಿಡಬೇಕಾಗಿಲ್ಲ. ಎದ್ದು ಹೋಗುವ ಹಕ್ಕಿಲ್ಲದ ಒಬ್ಬ ಸೇವಾದಾರ ಇರಬೇಕು ಎಂಬ ಹಳೆಯ ಕಲ್ಪನೆ ಹುಟ್ಟಿದ್ದೂ ಇಂಥ ಸಂದರ್ಭಕ್ಕಾಗಿಯೇ.

ಆದ್ದರಿಂದ ಇಂಥ ಮಸೂದೆಯ ಸುದ್ದಿ ಕಣ್ಣಿಗೆ ಬಿದ್ದಾಗ ನಾನು ಮೊದಲು ಹುಡುಕುವುದು ದೂರಸಂಪರ್ಕ ಎಂಬ ಪದದ ವ್ಯಾಖ್ಯೆಯನ್ನು. ಆಮೇಲೆ, ಹಳೆಯ ಕಂಪನಿಯನ್ನು ಬಿಡುಗಡೆ ಮಾಡುವ ವಾಕ್ಯದ ಪಕ್ಕದಲ್ಲಿ ಬದಲಿ ಹೊಣೆಗಾರನನ್ನು ಹೆಸರಿಸುವ ವಾಕ್ಯ ಇದೆಯೇ ಎಂದು. ಬದಲಿ ಸೇವೆ ಇದ್ದರೆ ಸಾಕು ಎಂದು ಬರೆದಿದ್ದರೆ, ಇದೆ ಎಂದು ತೀರ್ಮಾನಿಸುವವರು ಯಾರು? ಕಂಪನಿಯೇ ಬರೆದ ಸಿಗ್ನಲ್ ನಕ್ಷೆಯೋ, ಆ ಮನೆಯ ಅಂಗಳಕ್ಕೆ ಹೋಗಿ ನೋಡಿದ ಅಧಿಕಾರಿಯೋ? ಕರೆಂಟು ಹೋದಾಗ ಎಷ್ಟು ಗಂಟೆ? ದೂರು ಯಾರಿಗೆ? ಇವಕ್ಕೆ ಉತ್ತರ ಬರೆದಿಟ್ಟುಕೊಂಡು ತಾಮ್ರವನ್ನು ಕಿತ್ತರೆ ನನಗೆ ತಕರಾರಿಲ್ಲ.

2024ರ ಡಿಸೆಂಬರ್‌ನಲ್ಲಿ ಎಟಿ ಆ್ಯಂಡ್ ಟಿ ತನ್ನ ಹೂಡಿಕೆದಾರರ ಮುಂದೆ ಒಂದು ಯೋಜನೆ ಇಟ್ಟಿತು. ತನ್ನ ವ್ಯಾಪ್ತಿಯ ಬಹುಭಾಗದಲ್ಲಿ ತಾಮ್ರದ ಜಾಲವನ್ನು 2029ರ ಕೊನೆಯ ಹೊತ್ತಿಗೆ ಮುಚ್ಚುವುದಾಗಿ ಹೇಳಿತು. ಆ ಗಡುವಿನಿಂದ ಅದು ಹೊರಗಿಟ್ಟ ರಾಜ್ಯ ಕ್ಯಾಲಿಫೋರ್ನಿಯಾ.